ಜೋತುಬಿದ್ದ ರೂಫ್ ಲೈನರ್: ಕಲಬುರಗಿಯ ಬಿಸಿಲಿನಲ್ಲಿ ಮೂರು ಬೇಸಿಗೆ ತಡೆದ ಕೆಲಸ

2025ರ ಮೇ ತಿಂಗಳು ಮುಗಿಯಲಿ, ಆಮೇಲೆ ಬರೆಯೋಣವೆಂದು ಕಾದಿದ್ದೆ. 2023ರ ಜನವರಿಯಲ್ಲಿ ನಾನೇ ಮನೆಯಲ್ಲಿ ಅಂಟಿಸಿದ ಕಾರಿನ ರೂಫ್ ಲೈನರ್ ಬಟ್ಟೆ, ಅಂದರೆ ತಲೆಯ ಮೇಲಿನ ಚಾವಣಿಯ ಒಳಬದಿಗೆ ಹೊದಿಸುವ ಬಟ್ಟೆ, ಈಗ ಕಲಬುರಗಿಯ ಮೂರು ಬೇಸಿಗೆಗಳನ್ನು ದಾಟಿದೆ. ಕಾರು ಈ ಮೂರೂ ವರ್ಷ ನಿಂತದ್ದು ಕಚೇರಿಯ ಮುಂದಿನ ಬಯಲಿನಲ್ಲಿ, ಅಲ್ಲಿ ಒಂದು ಬೇವಿನ ಗಿಡದ ನೆರಳೂ ಇಲ್ಲ. ಸೀಟ್ ಕವರ್ ಕೆಲಸದಲ್ಲಿ ಮೂವತ್ತು ವರ್ಷ ಪಳಗಿದ ಹಿರಿಯರೊಬ್ಬರು ಅದಕ್ಕೂ ಮೊದಲು ನನಗೆ, "ಸಾಹೇಬ್ರ, ಈ ಬಿಸಲಿಗೆ ಯಾವ ಗಮ್ಮೂ ನಿಂದರಂಗಿಲ್ರಿ, ಸುಮ್ನ ರೊಕ್ಕ ಹಾಳ್ ಮಾಡ್ಕೋಬ್ಯಾಡ್ರಿ" ಎಂದಿದ್ದರು. ಅವರು ಹೇಳಿದ್ದು ಕಳಕಳಿಯಿಂದಲೇ, ಆದರೆ ಅವರ ಲೆಕ್ಕ ತಪ್ಪಿತ್ತು. ತಪ್ಪು ಗಮ್ಮಿನದಲ್ಲ, ಹಳೆಯ ಬಟ್ಟೆಯ ಹಿಂಬದಿಯಿಂದ ಗಮ್ಮಿನ ಕೆಳಗೆ ಉಳಿದುಬಿಡುವ ಫೋಮಿನದು ಎಂಬುದನ್ನು ತಿಳಿಯಲು ನನಗೆ ನಾಲ್ಕು ವರ್ಷ ಮತ್ತು ಸುಮಾರು ಏಳು ಸಾವಿರ ರೂಪಾಯಿ ಬೇಕಾಯಿತು.

ಕಾರು 2009ರ ಡೀಸೆಲ್ ಸೆಡಾನ್. ಎರಡನೆಯ ಕೈಯಲ್ಲಿ ಕೊಂಡದ್ದು 2016ರಲ್ಲಿ. 2018ರ ಬೇಸಿಗೆಯಲ್ಲಿ ಹಿಂದಿನ ಗಾಜಿನ ಬಳಿ ಅಂಗೈಯಗಲ ಬಟ್ಟೆ ಕಳಚಿಕೊಂಡಿತು. ಮುಂದಿನ ವರ್ಷದ ಹೊತ್ತಿಗೆ ಹಿಂದೆ ಕೂತವರ ತಲೆಗೆ ತಾಗುವಷ್ಟು, ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣದಷ್ಟು ಇಳಿದುಬಂತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಸಿರಿಂಜಿನ ಕೆಲಸ. ದಪ್ಪ ಸೂಜಿಯಿಂದ ಬಟ್ಟೆಯ ಹಿಂದಕ್ಕೆ ಗಮ್ ಬಿಟ್ಟು ಒತ್ತಿದೆ. ಹದಿನೈದು ದಿನಗಳಲ್ಲಿ ಬಟ್ಟೆ ಮತ್ತೆ ಇಳಿಯಿತು. ಗಮ್ ಹರಿದ ಕಡೆಯಲ್ಲೆಲ್ಲ ಎಣ್ಣೆ ಚೆಲ್ಲಿದಂತಹ ಕಲೆಗಳು ಮಾತ್ರ ಉಳಿದವು. ಕೆಳಗಿಳಿದ ಬಟ್ಟೆಯನ್ನು ತಿರುಗಿಸಿ ನೋಡಿದಾಗ ಗಮ್ ಗಟ್ಟಿಯಾಗಿಯೇ ಇತ್ತು, ಅದರ ಮೇಲೆ ಕಿತ್ತಳೆ ಬಣ್ಣದ ಹುಡಿ ಹತ್ತಿಕೊಂಡಿತ್ತು. ಅದು ಪುಡಿಯಾದ ಹಳೆಯ ಫೋಮ್. ಗುಟ್ಟೆಲ್ಲ ಆ ಹುಡಿಯಲ್ಲೇ ಇತ್ತು, ಆದರೆ ಅಂದು ನನಗೆ ಅದು ಹೊಳೆಯಲಿಲ್ಲ.

ಎರಡನೆಯ ಸಲ ಅಂಗಡಿಯೊಂದಕ್ಕೆ ಕೊಟ್ಟು 4,500 ರೂಪಾಯಿ ತೆತ್ತೆ. ಅವರು ಬಟ್ಟೆ ಅಂಟಿರುವ ಚಾವಣಿಯ ಬೋರ್ಡನ್ನು ಕಾರಿನಿಂದ ಹೊರಗೆ ತೆಗೆಯಲೇ ಇಲ್ಲ. ಹಳೆಯ ಬಟ್ಟೆ ಕಿತ್ತು, ಒಣಬಟ್ಟೆಯಿಂದ ಒಮ್ಮೆ ಒರೆಸಿ, ಫೋಮ್ ಇಲ್ಲದ ತೆಳು ಬಟ್ಟೆಯನ್ನು ಮೇಲೆ ಅಂಟಿಸಿದರು. ಬೋರ್ಡಿನ ಒಂದೊಂದು ಉಬ್ಬೂ ತಗ್ಗೂ ಮೊದಲ ದಿನವೇ ಎದ್ದು ಕಾಣುತ್ತಿತ್ತು. ಏಪ್ರಿಲ್ ಬರುತ್ತಲೇ ಬೊಬ್ಬೆಗಳೆದ್ದವು, ಮೇ ಮುಗಿಯುವುದರೊಳಗೆ ಎಲ್ಲವೂ ಕೆಳಗೆ ಬಂತು.

ಮೂರನೆಯದು ನನ್ನದೇ ತಪ್ಪು, ಮತ್ತು ಅದರಿಂದಲೇ ಹೆಚ್ಚು ಕಲಿತೆ. 2021ರ ಜುಲೈಯಲ್ಲಿ ಬೋರ್ಡನ್ನು ಹೊರತೆಗೆದು ತಂತಿ ಬ್ರಷ್ಷಿನಿಂದ ಉಜ್ಜಿದೆ. ಬೋರ್ಡಿನ ಮೇಲ್ಪದರದ ನಾರು ಎದ್ದಿತು. ಉಳಿದ ಫೋಮ್ ಕರಗಲೆಂದು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ; ಅದು ಕರಗಿ ಹೋಗುವ ಬದಲು ಜಿಡ್ಡಾಗಿ ನಾರಿನೊಳಕ್ಕೆ ಇಳಿಯಿತು. ಮೋಡ ಕವಿದ ದಿನ ಗಮ್ ಹೊಡೆದದ್ದಂತೂ ಎಲ್ಲಕ್ಕಿಂತ ದೊಡ್ಡ ತಪ್ಪು. ಗಮ್ಮಿನೊಳಗಿನ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಗಮ್ಮಿನ ಮೇಲೆ ಬೆಳ್ಳನೆಯ ಮಸುಕು ಕೂಡುತ್ತದೆ. ಹಾಗೆ ಮಸುಕಾದ ಗಮ್ಮಿಗೆ ಹಿಡಿತವಿರುವುದಿಲ್ಲ. ಹತ್ತು ದಿನಗಳಲ್ಲಿ ಇಡೀ ಬಟ್ಟೆ ಒಂದೇ ಹಾಳೆಯಾಗಿ ಬಿಚ್ಚಿಕೊಂಡಿತು. ಸುಮಾರು 1,200 ರೂಪಾಯಿಯ ಬಟ್ಟೆ ಹೋಯಿತು.

ಇಷ್ಟಾದ ಮೇಲೆ ಪರೀಕ್ಷೆ ಮಾಡದೆ ಮತ್ತೆ ಕೈಹಾಕಬಾರದೆಂದು ನಿಶ್ಚಯಿಸಿದೆ. ಗುಜರಿಯಲ್ಲಿ ಒಂದು ಹಳೆಯ ಲೈನರ್ ಬೋರ್ಡು 200 ರೂಪಾಯಿಗೆ ಸಿಕ್ಕಿತು. ಅದನ್ನು ಅಂಗೈಯಗಲದ ಎಂಟು ತುಂಡುಗಳಾಗಿ ಕತ್ತರಿಸಿ, ನಾಲ್ಕರಲ್ಲಿ ಹಳೆಯ ಫೋಮನ್ನು ಅರೆಬರೆ ಉಳಿಸಿ, ಉಳಿದ ನಾಲ್ಕನ್ನು ಪೂರ್ತಿ ಸ್ವಚ್ಛ ಮಾಡಿ, ನಾಲ್ಕು ಬಗೆಯ ಗಮ್ಮನ್ನು ಎರಡೆರಡು ತುಂಡುಗಳಿಗೆ ಹಚ್ಚಿ, ಫೋಮ್ ಬಟ್ಟೆ ಅಂಟಿಸಿದೆ. ಒಂದೊಂದು ಬಟ್ಟೆಯ ತುದಿಗೂ ಕ್ಲಿಪ್ಪಿನಿಂದ ಒಂದು ನಟ್ ತೂಗುಬಿಟ್ಟು, 2022ರ ಏಪ್ರಿಲ್‌ನಿಂದ ಮೇ ಕೊನೆಯವರೆಗೆ ಮಾಳಿಗೆಯ ತಗಡಿನ ಕೆಳಗೆ ಕಟ್ಟಿದೆ. ಫೋಮ್ ಉಳಿದಿದ್ದ ನಾಲ್ಕೂ ತುಂಡುಗಳು ಮೂರು ವಾರದೊಳಗೆ ಬಿಚ್ಚಿಕೊಂಡವು, ಅದರಲ್ಲಿ ಎಲ್ಲಕ್ಕಿಂತ ದುಬಾರಿ ಗಮ್ಮಿನದೂ ಸೇರಿತ್ತು. ಸ್ವಚ್ಛ ಮಾಡಿದವುಗಳಲ್ಲಿ ಸ್ಪ್ರೇ ಡಬ್ಬಿಯ ಸಾಮಾನ್ಯ ಗಮ್ಮಿನದು ಮಾತ್ರ ಜಾರಿತು. ಶಾಖ ತಡೆಯುವ ಸಿಂಥೆಟಿಕ್ ರಬ್ಬರ್ ಗಮ್ಮುಗಳ ಮೂರೂ ತುಂಡುಗಳು ಹಾಗೆಯೇ ನಿಂತವು. ಆ ಹಿರಿಯರಿಗೆ ಈ ತುಂಡುಗಳನ್ನು ಒಯ್ದು ತೋರಿಸಿದೆ. ಅವರು ಕಿತ್ತು ನೋಡಿದರು, ಬಟ್ಟೆಯ ಫೋಮ್ ಹರಿಯಿತೇ ವಿನಾ ಗಮ್ ಬಿಡಲಿಲ್ಲ.

ಆಗ ಶಾಖವನ್ನೂ ಅಳೆದೆ. ಕೊರೊನಾ ಕಾಲದಲ್ಲಿ ಕೊಂಡ ಹಣೆಯ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ, ಅದರ ಅಳತೆ ಜ್ವರದ ಮಟ್ಟಕ್ಕೇ ನಿಲ್ಲುತ್ತದೆ. ಮೋಟರ್ ವೈಂಡಿಂಗ್ ಮಾಡುವ ಗೆಳೆಯರಿಂದ ಕಾರ್ಖಾನೆಯ ಬಗೆಯದನ್ನು ಎರವಲು ತಂದೆ. ಮಧ್ಯಾಹ್ನ ಎರಡರ ಹೊತ್ತಿಗೆ ಕಾರಿನ ಮೇಲಿನ ತಗಡು 70 ಡಿಗ್ರಿಯ ಆಚೀಚೆ, ಒಳಗಿನ ಬೋರ್ಡು 60ರ ಆಸುಪಾಸು ಇದ್ದುದಾಗಿ ನೆನಪು.

ಬೋರ್ಡು ತೆಗೆಯುವ ಕ್ರಮ ಎಲ್ಲರಿಗೂ ತಿಳಿದದ್ದೇ: ಸನ್‌ವೈಸರ್, ಹಿಡಿಕೆಗಳು, ದೀಪ, ಪಿಲ್ಲರ್ ಟ್ರಿಮ್ಮುಗಳು (ಗಾಜುಗಳ ನಡುವಿನ ಕಂಬಗಳ ಹೊದಿಕೆ), ಬಾಗಿಲಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ), ಇವನ್ನೆಲ್ಲ ಮೊದಲು ಬಿಚ್ಚಬೇಕು. ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇರುವುದು ಮುಂದೆ ಮಾತ್ರ. ಪಕ್ಕದಲ್ಲಿ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಇರುವವರು ಬ್ಯಾಟರಿ ಕಳಚಿ ಸ್ವಲ್ಪ ಹೊತ್ತು ಬಿಟ್ಟೇ ಪಿಲ್ಲರಿಗೆ ಕೈಹಾಕಬೇಕು. ಮುಂದಿನ ಎರಡೂ ಸೀಟುಗಳನ್ನು ಪೂರ್ತಿ ಹಿಂದಕ್ಕೆ ಮಲಗಿಸಿ, ಬೋರ್ಡನ್ನು ಓರೆ ಮಾಡಿ ಎಡಗಡೆಯ ಮುಂಬಾಗಿಲಿನಿಂದ ಹೊರತಂದೆ. ಇದಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರೇ ಎಳೆದರೆ ಬೋರ್ಡು ನಡುವೆ ಮುರಿಯುತ್ತದೆ, ಆ ಮಡಿಕೆಯ ಗೆರೆ ಹೊಸ ಬಟ್ಟೆಯ ಮೇಲೂ ಕೊನೆಯವರೆಗೆ ಕಾಣುತ್ತದೆ.

ಇಡೀ ಕೆಲಸದ ಮುಕ್ಕಾಲು ಪಾಲು ಉಜ್ಜುವುದರಲ್ಲಿದೆ. ಬೂಟು ತಿಕ್ಕುವ ನೈಲಾನ್ ಬ್ರಷ್ಷಿನಿಂದ, ಒಂದೇ ದಿಕ್ಕಿನಲ್ಲಿ, ಹಗುರವಾಗಿ, ನೀರಾಗಲಿ ಥಿನ್ನರಾಗಲಿ ಇಲ್ಲದೆ ಉಜ್ಜಬೇಕು. ನಡುನಡುವೆ ವ್ಯಾಕ್ಯೂಮಿನಿಂದ ಹುಡಿ ಎಳೆಯಬೇಕು. ಬೋರ್ಡಿನಲ್ಲಿ ಗಾಜಿನ ನಾರಿರುತ್ತದೆ, ಮಾಸ್ಕು ಮತ್ತು ತುಂಬುತೋಳಿನ ಅಂಗಿ ಇಲ್ಲದಿದ್ದರೆ ಎರಡು ದಿನ ಮೈ ನವೆ ಬಿಡುವುದಿಲ್ಲ. ನನಗೆ ಸುಮಾರು ನಾಲ್ಕು ಗಂಟೆ ಹಿಡಿಯಿತು. ಮುಗಿಯಿತೆಂದು ಅನಿಸಿದ ಮೇಲೆ ಒಂದು ಕರಿ ಬಟ್ಟೆಯನ್ನು ಬೋರ್ಡಿನ ಮೇಲೆ ಗಟ್ಟಿಯಾಗಿ ಎಳೆದು ನೋಡುತ್ತಿದ್ದೆ. ಕಿತ್ತಳೆ ಹುಡಿಯ ಗೆರೆ ಕಂಡರೆ ಮತ್ತೆ ಬ್ರಷ್. ಹೀಗೆ ಐದು ಸಲ ಆಯಿತು. ಅಂಗಡಿಯವರು ಈ ಕೆಲಸಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕೊಡುವುದಿಲ್ಲ, ಕೊಟ್ಟರೆ ಅವರಿಗೆ ಕೂಲಿ ಗಿಟ್ಟುವುದಿಲ್ಲ. ಮನೆಯಲ್ಲಿ ಮಾಡುವವರಿಗೆ ಇರುವ ಅನುಕೂಲವೇ ಇದು.

ಸ್ವಚ್ಛವಾದ ಬೋರ್ಡಿಗೆ ಮೊದಲು ತೀರಾ ತೆಳುವಾದ ಗಮ್ಮಿನ ಒಂದು ಹೊದಿಕೆ ಕೊಟ್ಟು, ಒಂದು ಹಗಲು ಒಂದು ರಾತ್ರಿ ಪೂರ್ತಿ ಆರಲು ಬಿಟ್ಟೆ. ಇದು ಎದ್ದ ನಾರನ್ನೆಲ್ಲ ಕಟ್ಟಿಹಾಕುತ್ತದೆ. ಈ ಹೊದಿಕೆಯ ಗಮ್ ಮತ್ತು ಥಿನ್ನರಿನ ಅಳತೆಯನ್ನು ಹಾಗೂ ಹಿಂದಿನ ದೀಪದ ಬಳಿಯ ಆಳದ ಬಳುಕಿನಲ್ಲಿ ಬಟ್ಟೆ ಕೂರಿಸುವ ಬಗೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ತಮ್ಮನ ಮಗ ಇದನ್ನು ಕಲಿತು ಈಗ ಇದೇ ಕೆಲಸಕ್ಕೆ ಇಳಿದಿದ್ದಾನೆ. ಅದು ಅವನ ಅನ್ನದ ವಿಷಯ.

ಬಟ್ಟೆಯನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದೆ: ಹಿಂಬದಿಗೆ ಸುಮಾರು 3 ಮಿ.ಮೀ. ಫೋಮ್ ಇರುವ, ಐದಡಿ ಪನ್ನದ ಲೈನರ್ ಬಟ್ಟೆ. ಮಗಳ ಮನೆಗೆ ಹೋದಾಗ ಹಳೆಯ ಬಟ್ಟೆಯ ಮಾಸದ ತುಂಡೊಂದನ್ನು, ಸನ್‌ವೈಸರಿನ ಹಿಂದೆ ಬಿಸಿಲು ಕಾಣದೆ ಉಳಿದಿದ್ದುದನ್ನು, ಜೊತೆಗೆ ಒಯ್ದಿದ್ದೆ. ಬಣ್ಣ ಕೂಡಿಸಲು ಮಾಸಿದ ಭಾಗವನ್ನು ಒಯ್ದರೆ ಹೊಸ ಬಟ್ಟೆ ಟ್ರಿಮ್ಮಿಗೆ ಹೊಂದುವುದಿಲ್ಲ. ಈ ಬಟ್ಟೆ ಪನ್ನದ ಕಡೆಗೆ ಹೆಚ್ಚು ಹಿಗ್ಗುತ್ತದೆ, ಆದ್ದರಿಂದ ಬಳುಕುಗಳಿರುವ ದಿಕ್ಕಿಗೆ ಪನ್ನ ಬರುವಂತೆ ಹಾಸಿ, ಸುತ್ತಲೂ ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿಸಿದೆ.

ಅಂಟಿಸುವ ದಿನ ಒಣ ಹವೆಯ ಜನವರಿ. ಎರಡು ಮಂಚಗಳನ್ನು ಅಂಗಳದಲ್ಲಿ ಜೋಡಿಸಿ, ಹಾಸಿಗೆ ಹಾಕಿ, ಮೇಲೆ ಬೋರ್ಡು ಮಲಗಿಸಿದೆ. ಬಟ್ಟೆಯನ್ನು ಮೇಲೆ ಹಾಸಿ, ಅರ್ಧ ಮಡಚಿ, ತೆರೆದ ಅರ್ಧ ಬೋರ್ಡಿಗೆ ಎರಡು ಸಲ, ಫೋಮಿಗೆ ಒಂದು ಸಲ ಹಗುರವಾಗಿ ಸ್ಪ್ರೇ ಗನ್ನಿನಿಂದ ಗಮ್ ಹೊಡೆದೆ. ಫೋಮಿಗೆ ಗಮ್ ಹೆಚ್ಚಾದರೆ ಅದು ಬಟ್ಟೆಯವರೆಗೆ ಇಳಿದು ಗಟ್ಟಿ ಮಚ್ಚೆಯಾಗುತ್ತದೆ. ಹನ್ನೆರಡು ಹದಿಮೂರು ನಿಮಿಷ ಕಾದು, ಬೆರಳಿಟ್ಟರೆ ಹಿಡಿಯಬೇಕು, ಎಳೆ ಮಾತ್ರ ಬರಬಾರದು ಎಂಬ ಹದ ನೋಡಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಒತ್ತುತ್ತ ಹೋದೆ. ಮನೆಯಾಕೆ ಮಡಿಕೆಯನ್ನು ಎತ್ತಿ ಹಿಡಿದು ಬೆರಳಗಲ ಬೆರಳಗಲವಾಗಿ ಇಳಿಸುತ್ತಿದ್ದಳು. ಆ ತಾಳ್ಮೆ ಇಲ್ಲದಿದ್ದರೆ ಸುಕ್ಕು ತಪ್ಪುತ್ತಿರಲಿಲ್ಲ. ತಗ್ಗಿನ ಜಾಗದಲ್ಲಿ ಬಟ್ಟೆಯನ್ನು ಎಳೆದು ಸೇತುವೆಯಂತೆ ಅಂಟಿಸಿದರೆ ಅದೇ ಜಾಗ ಮೊದಲು ಬಿಡುತ್ತದೆ, ಹಾಗಾಗಿ ತಗ್ಗಿಗೆ ಸಡಿಲವಾಗಿ ಒತ್ತಿ ಕೂರಿಸಿ ಆಮೇಲೆ ಮುಂದುವರಿಯಬೇಕು. ಆ ದಿನ ಅಂಗಳದ ಹತ್ತಿರ ಒಲೆ, ಬೀಡಿ ಯಾವುದನ್ನೂ ಬಿಟ್ಟುಕೊಳ್ಳಲಿಲ್ಲ.

ಬೋರ್ಡು ಹೊರಗಿದ್ದ ವಾರದಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ತಗಡಿನ ಒಳಮೈಗೆ, ಚಾಲಕನ ಕಡೆಯ ಅರ್ಧಕ್ಕೆ ಮಾತ್ರ, ಅಲ್ಯೂಮಿನಿಯಂ ಹಾಳೆಯ ಫೋಮ್ ಅಂಟಿಸಿ, ಇನ್ನರ್ಧ ಬರಿದೇ ಬಿಟ್ಟು ಮಧ್ಯಾಹ್ನ ಅಳೆದೆ. ಜನವರಿಯ ಬಿಸಿಲಿನಲ್ಲೇ ಐದಾರು ಡಿಗ್ರಿ ವ್ಯತ್ಯಾಸ ಬಂತು. ಮೊದಲು 10 ಮಿ.ಮೀ. ದಪ್ಪದ್ದನ್ನು ತಂದು ಹಚ್ಚಿದ್ದೆ, ಬೋರ್ಡಿನ ಕ್ಲಿಪ್ಪುಗಳು ಕೂರಲಿಲ್ಲ. ಅದನ್ನು ಕಿತ್ತು 5 ಮಿ.ಮೀ.ನದನ್ನು ಪೂರ್ತಿ ಹಚ್ಚಿದೆ. ಕಿತ್ತದ್ದರಲ್ಲಿ 700 ರೂಪಾಯಿ ನಷ್ಟ. ಮಳೆ ಬಂದಾಗ ತಗಡಿನ ಸದ್ದು ಅರ್ಧಕ್ಕಿಳಿದದ್ದು ನಾನು ಎಣಿಸದ ಲಾಭ.

ಖರ್ಚು ನೆನಪಿನಿಂದ ಹೇಳುವುದಾದರೆ ಬಟ್ಟೆ ಮೂರು ಮೀಟರಿಗೆ 1,450, ಗಮ್ ಮತ್ತು ಥಿನ್ನರ್ 700, ಶಾಖ ತಡೆಯುವ ಹಾಳೆ 1,600, ಕ್ಲಿಪ್ಪು, ಬ್ರಷ್, ಮಾಸ್ಕಿಗೆ 400, ಪೇಂಟರ್ ಒಬ್ಬರಿಂದ ಗನ್ ಮತ್ತು ಕಂಪ್ರೆಸರ್ ಬಾಡಿಗೆ 300, ಒಟ್ಟು 4,450ರಷ್ಟು. ಬೋರ್ಡು ತೆಗೆದು ಮಾಡಿಕೊಡಲು ಅಂಗಡಿಯಲ್ಲಿ ಕೇಳಿದ್ದು 11,000, ಅದೂ ಗ್ಯಾರಂಟಿ ಇಲ್ಲದೆ. ಹಳೆಯ ಕ್ಲಿಪ್ಪುಗಳು ಬಿಸಿಲಿಗೆ ಬೆಂಡಾಗಿ ಮುರಿಯುತ್ತವೆ, ಹತ್ತು ಹೆಚ್ಚಿಗೆ ತಂದಿಟ್ಟುಕೊಳ್ಳಿ. ನನಗೆ ಆರು ಬೇಕಾದವು.

ಅಂಟಿಸಿದ ಬೋರ್ಡನ್ನು ಒಂದು ದಿನ ನೆರಳಿನಲ್ಲಿ ಇಟ್ಟು ಕೂರಿಸಿದೆ, ನಂತರ ಎರಡು ದಿನ ಕಾರನ್ನು ಬಿಸಿಲಿಗೆ ಒಯ್ಯಲಿಲ್ಲ. ಮೂರು ಬೇಸಿಗೆಯ ಬಳಿಕ ಈಗ ಬದಲಾಗಿರುವುದು ಒಂದೇ ಕಡೆ: ಬಲಗಡೆಯ ಹಿಂದಿನ ಹಿಡಿಕೆಯ ಬಳಿ ಹೆಬ್ಬೆರಳಗಲ ಅಂಚು ಎದ್ದಿದೆ. ಅಲ್ಲಿ ಹಿಂದಕ್ಕೆ ಮಡಚಲು ನಾನು ಒಂದು ಬೆರಳು ಬಟ್ಟೆಯನ್ನಷ್ಟೇ ಬಿಟ್ಟಿದ್ದೆ, ಎರಡು ಬೆರಳು ಬೇಕಿತ್ತು. ಆ ಹಿರಿಯರು ಕಳೆದ ತಿಂಗಳು ತಮ್ಮ ಗಿರಾಕಿಯೊಬ್ಬರ ಕಾರನ್ನು ನನ್ನ ತಮ್ಮನ ಮಗನ ಬಳಿಗೆ ಕಳಿಸಿದ್ದಾರೆ, ಅದರ ಬೋರ್ಡು ಈಗ ನಮ್ಮ ಅಂಗಳದ ಮಂಚದ ಮೇಲಿದೆ. ಕರಿ ಬಟ್ಟೆ ಇನ್ನೂ ಕಿತ್ತಳೆಯಾಗಿಯೇ ಬರುತ್ತಿದೆ.