ಅಪ್ಪನ ಹೆಸರು ಕೇಳದೆ ಅಂಟಿಸಿದ ಸಮನ್ಸ್

ಗದಗ ಜಿಲ್ಲೆಯ ಸಿವಿಲ್ ಕೋರ್ಟಿನಲ್ಲಿ ನಾನು ಆದೇಶ ಜಾರಿಕಾರ, ಅಂದರೆ ಕೋರ್ಟಿನ ಸಮನ್ಸ್ ಜನರಿಗೆ ಮುಟ್ಟಿಸುವವನು. ಹುದ್ದೆಯ ಹೆಸರು ಇಷ್ಟುದ್ದ ಇದ್ದರೂ ಹಳ್ಳಿಗಳಲ್ಲಿ ನಾನು ಸುಮ್ನೆ ‘ಕೋರ್ಟಿನವ’. ಬೈಕ್ ಸ್ಟ್ಯಾಂಡ್ ಹಾಕುವಷ್ಟರಲ್ಲಿ ನಾನು ಬಂದ ಸುದ್ದಿ ಓಣಿ ದಾಟಿರುತ್ತದೆ.

ಬೆಳಿಗ್ಗೆ ಕೋರ್ಟಿನಲ್ಲಿ ಸಮನ್ಸ್ ಹಂಚಿಕೊಡುವ ನಾಜರ್ ಶಾಖೆಯಿಂದ ಸಮನ್ಸ್ ತೆಗೆದುಕೊಂಡು ರಿಜಿಸ್ಟರಿಗೆ ಸಹಿ ಹಾಕುತ್ತೇನೆ. ಮುಳಗುಂದದ ಕಡೆಯವು ಒಂದು ಕಟ್ಟು, ಲಕ್ಕುಂಡಿ ಕಡೆಯವು ಇನ್ನೊಂದು. ಪ್ರತಿಯೊಂದರ ಜೊತೆ ದಾವೆಯ ಪ್ರತಿ ಇದೆಯಾ ಅಂತ ಅಲ್ಲೇ ನೋಡಿಕೊಳ್ಳುತ್ತೇನೆ. ಅದಿಲ್ಲದೆ ಕೊಟ್ಟು ಬಂದರೆ ಮುಂದೆ ತಕರಾರು ಗ್ಯಾರಂಟಿ.

ಸಮನ್ಸನ್ನು ಆದಷ್ಟೂ ಪ್ರತಿವಾದಿಯ ಕೈಗೇ ಕೊಡಬೇಕು. ಅವರಿಗೆ ಪ್ರತಿ ಕೊಟ್ಟು, ಮೂಲ ಸಮನ್ಸಿನ ಮೇಲೆ ಸಹಿ ಇಲ್ಲವೇ ಹೆಬ್ಬೆಟ್ಟು ತೆಗೆದುಕೊಳ್ಳುತ್ತೇನೆ. ತಾರೀಖು, ಹೊತ್ತು ಎರಡನ್ನೂ ಅಲ್ಲೇ ಕಟ್ಟೆಯ ಮೇಲೆ ಕೂತು ಬರೆಯುತ್ತೇನೆ. ಕೈಫಿಯತ್, ಅಂದರೆ ದಾವೆಗೆ ಲಿಖಿತ ಉತ್ತರ, ಕೊಡಲು ಅವರಿಗಿರುವ 30 ದಿನದ ಲೆಕ್ಕ ಆ ತಾರೀಖಿನಿಂದಲೇ ಶುರು. ಕೋರ್ಟು ಅವಕಾಶ ಕೊಟ್ಟರೆ 90 ದಿನದವರೆಗೆ.

ಮನುಷ್ಯ ಮನೆಯಲ್ಲಿ ಇಲ್ಲದಾಗಲೇ ನಿಜವಾದ ಕೆಲಸ. ‘ಗ್ವಾವಾಕ್ಕ (ಗೋವಾಕ್ಕೆ) ದುಡಿಯಾಕ ಹೋಗ್ಯಾನ್ರಿ’ ಎನ್ನುವ ಉತ್ತರ ಮುಂಡರಗಿ, ಶಿರಹಟ್ಟಿ ಕಡೆ ಜಾಸ್ತಿ. ಬೇಗ ಬರುವ ಲಕ್ಷಣ ಇಲ್ಲದಿದ್ದರೆ ಅದೇ ಮನೆಯಲ್ಲಿ ಇರುವ ಕುಟುಂಬದ ವಯಸ್ಕರಿಗೆ ಕೊಡಬಹುದು. ‘ಹೆಣ್ಮಕ್ಕಳ ಕೈಯಾಗ ಕೊಡಬ್ಯಾಡ್ರಿ’ ಎಂದು ಈಗಲೂ ಹಿರಿಯರು ತಡೆಯುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರ ತಿದ್ದುಪಡಿ ಬಂದಾಗಿನಿಂದ ಹೆಂಡತಿಗೂ ಕೊಡಬಹುದು, ತಾಯಿಗೂ ಕೊಡಬಹುದು. ಆಳಿನ ಕೈಗೆ ಮಾತ್ರ ಕೊಡುವಂತಿಲ್ಲ. ಆದರೆ ಹೊಲಕ್ಕೆ ಹೋದವನು ಸಂಜೆ ಬರುತ್ತಾನೆ ಅಂತ ಗೊತ್ತಿದ್ದೂ ಅವಸರದಲ್ಲಿ ಹೆಂಡತಿಗೆ ಕೊಟ್ಟು ಬರುವುದು ಸರಿಯಲ್ಲ. ಕಾಯಬೇಕು, ಇಲ್ಲವೇ ಇನ್ನೊಮ್ಮೆ ಹೋಗಬೇಕು.

ತಗೊಳ್ಳದಿದ್ದರೆ ಕೇಸು ನಿಲ್ಲುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಎಲ್ಲಿ ನಿಲ್ಲುತ್ತದೆ? ‘ಒಲ್ಲೆ’ ಅಂದರೆ ಬಾಗಿಲಿಗೆ ಅಂಟಿಸಿ ಷರಾ ಬರೆಯುತ್ತೇನೆ. ಎಷ್ಟು ಹುಡುಕಿದರೂ ಸಿಗದಿದ್ದರೂ ಹಾಗೇ. ಮನೆ ತೋರಿಸಿದವರು ಯಾರು, ಯಾರ ಎದುರಿಗೆ ಅಂಟಿಸಿದೆ, ಯಾಕೆ ಅಂಟಿಸಿದೆ, ಎಲ್ಲಾ ಅದರಲ್ಲಿ ಇರಬೇಕು. ಗಮ್ ಬಾಟಲಿ ಚೀಲದಿಂದ ತೆಗೆಯುವುದು ಕೊನೆಗೆ. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ಕೆಲಸಕ್ಕೆ ಸೇರಿದ ಹೊಸದು. ರೋಣದ ಕಡೆ ಒಂದು ಊರು. ಪಾಲಿನ ದಾವೆ. ಅಗಸಿಯ ಹತ್ತಿರ ಕೂತಿದ್ದವರಿಗೆ ಹೆಸರು, ಅಡ್ಡಹೆಸರು ಹೇಳಿದೆ. ಒಬ್ಬರು ಬಂದು ಮನೆ ತೋರಿಸಿದರು. ಕೀಲಿ ಹಾಕಿತ್ತು. ಎರಡನೇ ಸಲ ಹೋದಾಗಲೂ ಕೀಲಿ. ಅಂಟಿಸಿದೆ, ಇಬ್ಬರ ಸಹಿ ತಗೊಂಡೆ, ಬಂದೆ. ಪ್ರತಿವಾದಿ ಕೋರ್ಟಿಗೆ ಬರಲಿಲ್ಲ. ಏಕಪಕ್ಷೀಯ ಡಿಕ್ರಿ, ಅಂದರೆ ಅವನ ಮಾತು ಕೇಳದೆಯೇ ತೀರ್ಪು, ಆಯಿತು.

ನಮ್ಮ ಕಡೆ ಮೊಮ್ಮಕ್ಕಳಿಗೆ ಅಜ್ಜನ ಹೆಸರು ಇಡುತ್ತಾರಲ್ವಾ? ಅಣ್ಣತಮ್ಮಂದಿರ ಮಕ್ಕಳಲ್ಲಿ ಇಬ್ಬರು ಮೂವರಿಗೆ ಒಂದೇ ಹೆಸರು, ಅಡ್ಡಹೆಸರೂ ಒಂದೇ. ನಾನು ಅಂಟಿಸಿದ್ದು ಪ್ರತಿವಾದಿಯ ದೊಡ್ಡಪ್ಪನ ಮಗನ ಮನೆಗೆ. ಆತ ಸಂಸಾರ ಸಮೇತ ಊರು ಬಿಟ್ಟಿದ್ದ. ಅಸಲು ಪ್ರತಿವಾದಿ ಹಿಂದಿನ ಓಣಿಯಲ್ಲೇ ಇದ್ದ!

ಡಿಕ್ರಿ ರದ್ದು ಮಾಡಿ ಅಂತ ಆತ ಅರ್ಜಿ ಹಾಕಿದ. ನನ್ನನ್ನು ಸಾಕ್ಷಿ ಕಟಕಟೆಗೆ ಕರೆದರು. ವಕೀಲರು ಸಿಟ್ಟು ಮಾಡಲಿಲ್ಲ, ದನಿಯನ್ನೂ ಏರಿಸಲಿಲ್ಲ.

‘ಸಮನ್ಸಿನಲ್ಲಿ ತಂದೆ ಹೆಸರು ಇತ್ತಾ?’

‘ಇತ್ತು ಸರ್.’

‘ಮನೆ ತೋರಿಸಿದವರಿಗೆ ಅದನ್ನ ಹೇಳಿದ್ರಾ?’

ಸುಳ್ಳು ಹೇಳಲು ಬಾಯಿ ಬರಲಿಲ್ಲ. ‘ಇಲ್ಲ’ ಅಂದೆ. ಡಿಕ್ರಿ ಹೋಯಿತು. ದಾವೆ ಮತ್ತೆ ಮೊದಲಿನಿಂದ. ವಾದಿ ವಯಸ್ಸಾದ ಹೆಣ್ಣುಮಗಳು. ಹೊರಗೆ ಬೇವಿನ ಗಿಡದ ಕೆಳಗೆ ನನ್ನನ್ನೇ ನೋಡುತ್ತಾ ಕೂತಿದ್ದರು. ಒಂದು ಮಾತು ಬೈದಿದ್ದರೆ ಸಮಾಧಾನ ಆಗುತ್ತಿತ್ತು.

ಈಗ ಮೊಬೈಲಿನಲ್ಲಿ ಸಮನ್ಸ್ ಜಾರಿಯನ್ನು ದಾಖಲಿಸುವ ಎನ್‌ಸ್ಟೆಪ್ ಆ್ಯಪ್ ಬಂದಿದೆ. ಮನೆ ಮುಂದೆ ನಿಂತು ಫೋಟೊ ತೆಗೆದರೆ ನಿಂತ ಜಾಗ ಜಿಪಿಎಸ್‌ನಲ್ಲಿ ದಾಖಲಾಗುತ್ತದೆ. ಚಾವಡಿಯಲ್ಲೇ ಕೂತು ‘ಹೋಗಿದ್ದೆ, ಸಿಗಲಿಲ್ಲ’ ಅಂತ ಬರೆಯುವ ಕಳ್ಳಾಟಕ್ಕೆ ಅದು ಒಳ್ಳೆಯ ಮದ್ದು. ಆದರೆ ಆ ಬಾಗಿಲು ಯಾರದು ಅನ್ನುವುದು ಫೋಟೊದಲ್ಲಿ ಬರುವುದಿಲ್ಲ. ಅದಕ್ಕೆ ಬಾಯಿಬಿಟ್ಟು ಕೇಳಲೇಬೇಕು, ಅದೂ ದಾವೆಗೆ ಸಂಬಂಧ ಇಲ್ಲದ ಇಬ್ಬರನ್ನು.

ಮೊನ್ನೆ ಒಂದೂರಲ್ಲಿ ರೊಟ್ಟಿ ಬಡಿಯುತ್ತಿದ್ದ ಅಕ್ಕ ಒಬ್ಬರು ನಕ್ಕುಬಿಟ್ಟರು. ‘ಅವರ ಅಪ್ಪ ಸತ್ತು ಇಪ್ಪತ್ತು ವರ್ಷ ಆತ್ರಿ, ಅವರ ಹೆಸರು ತಗೊಂಡು ಏನ್ ಮಾಡ್ತೀರಿ?’

‘ಇರ್ಲಿ ಹೇಳ್ರಿ ಯಕ್ಕಾ’ ಅಂದೆ. ಹೇಳಿದರು. ಬರೆದುಕೊಂಡೆ.