ಸೈಕಲ್ ತಳ್ಳಿ ಹುಡುಕಿದ ಹಳೆಯ ಏಳನೇ ನಂಬರು

ಚಿಕ್ಕಬಳ್ಳಾಪುರ ದಾಟಿ ಸ್ವಲ್ಪ ದೂರದಲ್ಲಿ, ಒಂದು ಜಾಲಿ ಪೊದೆಯೊಳಗೆ ಕೈ ಹಾಕಿ ತಡಕಿದಾಗ ಬೆರಳಿಗೆ ಸಿಕ್ಕಿದ್ದು ಕಲ್ಲಿನಲ್ಲಿ ಕೆತ್ತಿದ ಅಂಕಿಯ ಅಂಚು. ಮಣ್ಣು ಕೆರೆದು ನೋಡಿದರೆ 7. ನನ್ನ ಚೀಟಿಯಲ್ಲೂ ಅಲ್ಲಿ ಏಳೇ ಬರೆದಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ, ಇಲ್ಲದಿದ್ದರೆ ಕುಣಿಯುತ್ತಿದ್ದೆ. ‘ಸ್ಯಾಟಲೈಟ್ ಕಾಲದಲ್ಲಿ ಇವನೊಬ್ಬ ಹಳೆ ರಸ್ತೆಯ ಕಲ್ಲು ಹುಡುಕೋಕೆ ಸೈಕಲ್ ತಳ್ಕೊಂಡು ಹೊರಟಿದ್ದಾನೆ’ ಅಂತ ನಮ್ಮವರೇ ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ ಚಕ್ರದ ಅಳತೆ ಕೇಳ್ತಾರೆ.

ಹಳೆ ದಾರಿ ಹುಡುಕುವ ಚಟ ಇರುವವರಿಗೆ ರಾಷ್ಟ್ರೀಯ ಹೆದ್ದಾರಿ 44ರ ಕಥೆ ಹೊಸದಲ್ಲ. 2010ರಲ್ಲಿ ನಂಬರು ಬದಲಾದಾಗ ಏಳು ಹೆದ್ದಾರಿಗಳ ಪೂರ್ತಿಯೋ ತುಂಡೋ ಸೇರಿಸಿ ಶ್ರೀನಗರ–ಕನ್ಯಾಕುಮಾರಿ ಒಂದೇ ದಾರಿ ಮಾಡಿದರು. ನಮ್ಮ ಕಡೆಯದ್ದು ಅದಕ್ಕೆ ಮುಂಚೆ 7. ವಾರಾಣಸಿಯಿಂದ ಕನ್ಯಾಕುಮಾರಿಗೆ 2,369 ಕಿ.ಮೀ., ಆಗ ದೇಶದಲ್ಲೇ ಅತಿ ಉದ್ದದ್ದು. ಅದರ ತಲೆಯ ಭಾಗ ಮಧ್ಯಪ್ರದೇಶದ ಲಖನಾದೋನ್‌ನಲ್ಲೇ ಕಡಿದುಹೋಯಿತು. ಅಲ್ಲಿಂದ ನಾಗಪುರ, ಹೈದರಾಬಾದ್, ಕರ್ನೂಲು, ಬೆಂಗಳೂರು ಅಂತ ಕೆಳಗಿಳಿಯುವುದಷ್ಟೇ 44ಕ್ಕೆ ಬಂತು. ಆದರೆ ನನಗೆ ಬೇಕಿದ್ದದ್ದು ಈ ಯಾವ ನಂಬರೂ ಇಲ್ಲದ ಕಾಲದ್ದು. ಹೆಬ್ಬಾಳದಿಂದ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ ಅಂತ ಮೈಲಿಗೊಂದು ಕಲ್ಲು, ನಡುವೆ ಫರ್ಲಾಂಗಿಗೊಂದರಂತೆ (ಮೈಲಿಯ ಎಂಟನೇ ಒಂದು ಭಾಗ) 1ರಿಂದ 7ರವರೆಗೆ ಅಂಕಿಯ ಕಲ್ಲು ನೆಟ್ಟಿದ್ದ ಬಳ್ಳಾರಿ ರಸ್ತೆ. ಪೊದೆಯೊಳಗಿನ 7 ಈ ಫರ್ಲಾಂಗ್ ಕಲ್ಲು, ಹೆದ್ದಾರಿಯ ನಂಬರಲ್ಲ. ನಾಲ್ಕು ಲೇನ್ ಮಾಡುವಾಗ ಅದನ್ನು ಒಂದು ಕಡೆ ನುಂಗಿದ್ದಾರೆ, ಇನ್ನೊಂದು ಕಡೆ ಬೈಪಾಸ್ ಹೊಡೆದು ಊರೊಳಗೆ ಬಿಟ್ಟಿದ್ದಾರೆ, ಮತ್ತೊಂದು ಕಡೆ ನಾಲ್ಕು ಹುಣಸೆಮರದ ಸಾಲಿನ ನಡುವೆ ಅನಾಥ ಮಾಡಿದ್ದಾರೆ.

ಮೊದಲ ಎರಡು ವರ್ಷ ದುಡ್ಡು ಸುಟ್ಟೆ. ಸೆಕೆಂಡ್‌ಹ್ಯಾಂಡ್ ಜಿಪಿಎಸ್ ಯಂತ್ರಕ್ಕೆ ಒಂಬತ್ತು ಸಾವಿರ. ಅದು ನಾನು ನಿಂತ ಜಾಗವನ್ನು ಹೇಳುತ್ತೆ, ಕಲ್ಲು ಎಲ್ಲಿ ನಿಂತಿತ್ತು ಅಂತ ಅದಕ್ಕೇನು ಗೊತ್ತು? ಡ್ರೋನ್ ಹುಡುಗನಿಗೆ ಎರಡು ದಿನಕ್ಕೆ ಏಳು ಸಾವಿರ ಕೊಟ್ಟೆ, ಸಿಕ್ಕಿದ್ದು ಹುಣಸೆಮರಗಳ ನೆತ್ತಿಯ ಫೋಟೊ. ಆಮೇಲೆ ಇಂಚಿಗೊಂದು ಮೈಲಿಯ ಹಳೆ ಟೋಪೋ ಶೀಟು, ಅಂದರೆ ಸರ್ವೆ ನಕ್ಷೆಯ ಪ್ರಿಂಟು. ಆ ಅಳತೆಯಲ್ಲಿ ಅರ್ಧ ಮಿಲಿಮೀಟರ್ ಗೆರೆ ಅಂದರೆ ನೆಲದ ಮೇಲೆ ಮೂವತ್ತು ಮೀಟರಿಗೂ ಹೆಚ್ಚು. ಇನ್ನು ರಸ್ತೆಯ ಗೆರೆಯನ್ನು ಅದಕ್ಕಿಂತ ದಪ್ಪಕ್ಕೇ ಎಳೆದಿರುತ್ತಾರೆ. ಬೈಕಿನ ಮೀಟರ್ ನಂಬಿ ಒಂದು ಬೇಸಿಗೆ ಹಾಳು. ಅದು ನೂರಕ್ಕೆ ಮೂರರಷ್ಟು ಜಾಸ್ತಿ ತೋರಿಸುತ್ತಿತ್ತು. ಹತ್ತು ಕಿಲೋಮೀಟರಿಗೆ ಮುನ್ನೂರು ಮೀಟರ್, ಅಂದರೆ ಒಂದೂವರೆ ಫರ್ಲಾಂಗ್ ತಪ್ಪು. ಪೆಟ್ರೋಲೂ ಸೇರಿ ಇಪ್ಪತ್ತೈದು ಸಾವಿರದ ಹತ್ತಿರ ಹೋಗಿರಬೇಕು. ಮನೆಯಲ್ಲಿ ಹದಿನೈದು ಅಂದಿದ್ದೀನಿ. ಅಷ್ಟಕ್ಕೆ ಸಿಕ್ಕಿದ ಕಲ್ಲು ಒಂಬತ್ತು.

ಕೊನೆಗೆ ಗುಜರಿಯಿಂದ ಸಾವಿರದ ಎಂಟುನೂರಕ್ಕೆ ಒಂದು 26 ಇಂಚಿನ ಸೈಕಲ್, ಜಪ ಮಾಡುವವರು ಬೆರಳಿಗೆ ಹಾಕಿಕೊಳ್ಳುವ ಎಣಿಕೆ ಯಂತ್ರಕ್ಕೆ ಎಪ್ಪತ್ತು ರೂಪಾಯಿ. ಮುಂದಿನ ಚಕ್ರದ ವಾಲ್ವಿಗೆ ಕೆಂಪು ಬಟ್ಟೆ ಕಟ್ಟಿದೆ. ಬಟ್ಟೆ ಮೇಲೆ ಬಂದಾಗಲೆಲ್ಲ ಒಂದು ಒತ್ತು. ಒಂದು ಸುತ್ತಿಗೆ 2.07 ಮೀಟರ್. ಫರ್ಲಾಂಗ್ ಅಂದರೆ 220 ಗಜ, 201 ಮೀಟರ್. ಹಾಗಾಗಿ 97 ಸುತ್ತಿಗೆ ಒಂದು ಫರ್ಲಾಂಗ್. ಬೆಳಿಗ್ಗೆ ಹೊರಡುವ ಮುಂಚೆ ಗಾಳಿ ನೋಡಲೇಬೇಕು. ಟೈರು ಸ್ವಲ್ಪ ಮೆತ್ತಗಾದರೂ ಮೈಲಿಗೆ ಏಳೆಂಟು ಸುತ್ತು ತಪ್ಪುತ್ತೆ.

ಬರೀ ಸುತ್ತು ಎಣಿಸಿದ್ದರಿಂದಲೂ ಆಗಲಿಲ್ಲ. ಕಲ್ಲುಗಳು ನಡೆದಾಡುತ್ತವೆ. ಒಂದು ಹೊಸಿಲಾಗಿದೆ, ಒಂದು ಮುನೇಶ್ವರನಾಗಿ ಕುಂಕುಮ ಹಚ್ಚಿಸಿಕೊಂಡಿದೆ. ದೇವನಹಳ್ಳಿ ಹತ್ತಿರ ಒಂದು 3ನೇ ಕಲ್ಲಿನಿಂದ ಲೆಕ್ಕ ಶುರು ಮಾಡಿ ಹದಿನೈದು ದಿನ ಅಲೆದೆ. ಆಮೇಲೆ ಅಲ್ಲಿನ ಚಹಾ ಅಂಗಡಿಯವರು, ‘ಅದಾ ಸಾರ್, ಕೂರೋಕೆ ಚೆನ್ನಾಗಿದೆ ಅಂತ ನಮ್ಮಪ್ಪ ಟ್ರ್ಯಾಕ್ಟರಲ್ಲಿ ಹಾಕ್ಕೊಂಡು ಬಂದಿದ್ದು’ ಅಂದರು.

ಅವತ್ತು ಹೊಳೆದದ್ದು ಮೋರಿ, ರಸ್ತೆಯಡಿ ನೀರು ಹಾಯಲು ಕಟ್ಟಿದ್ದು. ಕಲ್ಲು ಜಾಗ ಬಿಡುತ್ತೆ, ಗಾರೆಯ ಕಲ್ಲುಕಟ್ಟಡದ ಮೋರಿ ಎಲ್ಲಿಗೆ ಹೋಗುತ್ತೆ? ಹಾಗಾಗಿ ಎಲ್ಲಾ ಅಳತೆಯನ್ನೂ ಮೋರಿಗೆ ಕಟ್ಟಿದೆ. ಜಾಲಿ ಪೊದೆಯ ಲೆಕ್ಕವನ್ನೇ ನೋಡಿ. ಅದಕ್ಕೆ ಮುಂಚೆ, ದಕ್ಷಿಣಕ್ಕೆ, ಒಂದು 2ನೇ ಕಲ್ಲು ನಿಂತಿತ್ತು. ಅಲ್ಲಿಂದ ಮೋರಿಗೆ 232 ಸುತ್ತು. ಎರಡು ಫರ್ಲಾಂಗಿಗೆ 194 ಕಳೆದರೆ 38 ಶೇಷ ಉಳಿಯಿತು. ಹಾಗಾದರೆ ಮೋರಿ ದಾಟಿ 59ಕ್ಕೆ 5, 156ಕ್ಕೆ 6, 253ಕ್ಕೆ 7. ಐದರ ಜಾಗದಲ್ಲಿ ಯಾರದೋ ಕಾಂಪೌಂಡು, ಆರರ ಮೇಲೆ ಸರ್ವಿಸ್ ರಸ್ತೆ. ಏಳು ಮಾತ್ರ 254ಕ್ಕೆ ಸಿಕ್ಕಿತು. ಒಂದು ಸುತ್ತು ಆಚೀಚೆ ಆಗಿದ್ದಕ್ಕೆ ನನ್ನ ಬೆರಳೇ ಕಾರಣ. ಮೋರಿಯ ಎರಡೂ ಕಡೆ ಲೆಕ್ಕ ಹೀಗೆ ಕೂಡಿದರೆ ಎರಡು ಕಲ್ಲೂ ಜಾಗ ಬಿಟ್ಟಿಲ್ಲ ಅಂತ ಗ್ಯಾರಂಟಿ. ಕೂಡದಿದ್ದರೆ ಯಾವುದೋ ಒಂದು ಟ್ರ್ಯಾಕ್ಟರ್ ಹತ್ತಿ ಬಂದಿದೆ.

ಹಳೆ ರಸ್ತೆ ಪೂರ್ತಿ ಲೇನಿನ ಕೆಳಗೆ ಹೋಗಿರುವ ಕಡೆ ಮೋರಿಯ ಹಳೆಯ ತುದಿ ಯಾವುದು, ಅಗಲ ಮಾಡಿದಾಗ ಸೇರಿಸಿದ್ದು ಯಾವುದು ಅಂತ ಹೇಗೆ ಗುರುತಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಮಣ್ಣಿನಡಿ ಹೂತ ಕಲ್ಲನ್ನು ಅಗೆಯದೆ ಕಂಡುಹಿಡಿಯುವುದನ್ನೂ ಬರೆಯಲ್ಲ. ರೆಸಾರ್ಟ್ ಬಾಗಿಲಿಗೆ ನಿಲ್ಲಿಸೋಕೆ ಪಿಕಾಸಿ ಹಿಡಿದು ಹೋಗುವವರು ಇದ್ದಾರೆ, ನಿಮಗೂ ಗೊತ್ತು.

ಬಾಗೇಪಲ್ಲಿವರೆಗೆ ಅರವತ್ತು ಚಿಲ್ಲರೆ ಮೈಲಿ. ಲೆಕ್ಕಕ್ಕೆ ಐನೂರರ ಹತ್ತಿರ ಕಲ್ಲು ಇರಬೇಕಿತ್ತು. ಎಂಟು ತಿಂಗಳ ಭಾನುವಾರಗಳಲ್ಲಿ ಹಳೆಯ ಒಂಬತ್ತೂ ಸೇರಿ 41 ಆದವು. ಅದರಲ್ಲಿ ಮೈಲಿಗಲ್ಲು ಆರೇ. ಕಡಿಮೆ ಅನ್ನಿಸಿದರೆ ನೀವು ಹುಡುಕಿ ತೋರಿಸಿ.

ಗಡಿ ದಾಟಿ ಪೆನುಕೊಂಡ ಕಡೆಗೂ ಎರಡು ದಿನ ತಳ್ಳಿ ನೋಡಿದೆ, ಶೇಷದ ಲೆಕ್ಕ ಕೂಡಿಬರಲೇ ಇಲ್ಲ. ಆಚೆಗಿನದು ಆಗ ಬ್ರಿಟಿಷರ ಮದ್ರಾಸ್ ಪ್ರೆಸಿಡೆನ್ಸಿ ಸೀಮೆ, ಅನಂತಪುರ ಜಿಲ್ಲೆ. 1882ರವರೆಗೆ ಅದೂ ಬಳ್ಳಾರಿ ಜಿಲ್ಲೆಯೇ. ಅಲ್ಲಿ ಬೇರೆ ಮೋರಿ ಹಿಡಿದು ಮೊದಲಿಂದ ಶುರು ಮಾಡಬೇಕು. ಹೊಸೂರು ಕಡೆಯ ಪ್ರಯತ್ನ ಇನ್ನೂ ಅಧ್ವಾನ. ಲಾರಿಗಳ ಮಧ್ಯೆ ಮೂರು ಸಲ ಎಣಿಕೆ ತಪ್ಪಿ ವಾಪಸ್ ಬಂದೆ.

ಒಂದು ಮದುವೆಗೆ ಹರಿಯಾಣದ ಕರ್ನಾಲ್‌ಗೆ ಹೋದಾಗ ಇದೇ 44ರ ಹತ್ತಿರ ಒಂದು ಕೋಸ್ ಮಿನಾರ್, ಅಂದರೆ ಮೊಘಲರ ಕಾಲದ ‘ಕೋಸ್’ ಅಳತೆಯಲ್ಲಿ ದೂರ ತೋರಿಸುವ ಕಂಬ ನೋಡಿದೆ. ಇಟ್ಟಿಗೆಯ ದಪ್ಪ ಕಂಬ, ಸೊಂಟದವರೆಗೆ ಎಂಟು ಮೂಲೆ, ಮೇಲೆ ಗುಂಡಗೆ. 1619ರಲ್ಲಿ ಜಹಾಂಗೀರ್ ಆಗ್ರಾ–ಲಾಹೋರ್ ದಾರಿಗೆ ಕೋಸಿಗೊಂದು ಕಂಬ ನಿಲ್ಲಿಸಲು ಹೇಳಿದ್ದ. ಎರಡು ಕಂಬದ ನಡುವೆ ಮೂರು ಕಿಲೋಮೀಟರ್ ಚಿಲ್ಲರೆ. ನನ್ನ ಚಕ್ರಕ್ಕೆ ಸಾವಿರದ ಐನೂರು ಸುತ್ತು ದಾಟುತ್ತೆ. ಸೈಕಲ್ ಇರಲಿಲ್ಲ, ಮದುವೆ ಬಟ್ಟೆ ಬೇರೆ. ಸುಮ್ಮನೆ ಬಂದೆ.

ಪೇರೇಸಂದ್ರದ ಆಚೆ ಸಿಕ್ಕಿದ ಮೈಲಿಗಲ್ಲಿಗೆ ಒಬ್ಬ ಅಜ್ಜಿ ಎಮ್ಮೆ ಕಟ್ಟುತ್ತಾರೆ. ‘ಇದು ಸರ್ಕಾರದ ಕಲ್ಲು, ಜೋಪಾನ ಅಜ್ಜಿ’ ಅಂದೆ. ‘ಅದ್ಕೇ ಇಷ್ಟ್ ಗಟ್ಟಿ ಐತೆ ಬಿಡಪ್ಪ, ನಾವು ನೆಟ್ಟ ಗೂಟ ವರ್ಷಕ್ಕೆ ಕಿತ್ಕೊಂಡ್ ಬರ್ತೈತೆ’ ಅಂದರು. ಅಲ್ಲೇ ಚೀಟಿಯಲ್ಲಿ ಗುರುತು ಹಾಕಿಕೊಂಡೆ. ಜಾಗ ಬಿಟ್ಟಿಲ್ಲ, ಶೇಷ ಸೊನ್ನೆ.