ನಿವೃತ್ತಿಯ ನಂತರ ಆನೆಗೊಂದಿಯಲ್ಲಿ ಹೋಂಸ್ಟೇ: ಇಟ್ಟಿಗೆಗೂ ಮೊದಲು ಕಾಗದ

ಪಿಂಚಣಿ ಬರುತ್ತಿದೆ, ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದಾರೆ, ಊರಿನ ಹಳೇ ಮನೆಗೆ ಬೀಗ ಬಿದ್ದಿದೆ. ಅದರಲ್ಲೇ ಎರಡು ಕೋಣೆ ಸರಿ ಮಾಡಿ ಹಂಪಿ ನೋಡಲು ಬರುವವರಿಗೆ ಬಾಡಿಗೆಗೆ ಕೊಡೋಣ ಅನ್ನಿಸುತ್ತದೆ, ಅಲ್ವಾ? ಒಳ್ಳೆಯ ಯೋಚನೆಯೇ. ಆದರೆ ಗ್ರಾಚ್ಯುಟಿ ಹಣ ತೆಗೆದು ಮೇಸ್ತ್ರಿ ಕೈಗೆ ಕೊಡುವ ಮೊದಲು ಸ್ವಲ್ಪ ತಾಳಿ.

ಮೊದಲ ಕೆಲಸ, ಜಾಗ ಎಲ್ಲಿದೆ ಎಂದು ಅಳೆಯುವುದು. ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಹಂಪಿ 1986ರಲ್ಲೇ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ, ತುಂಗಭದ್ರಾ ನದಿಯ ಆಚೆ ದಡದ ಆನೆಗೊಂದಿಯೂ ಆ ಪ್ರದೇಶದೊಳಗೇ ಬರುತ್ತದೆ, ಹಾಗಾಗಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ರಿಪೇರಿ ಆದರೂ ಕೇಳಿಯೇ ಶುರು ಮಾಡಿ. ಹೊಲದಲ್ಲಿ ಕುಟೀರ ಹಾಕುವ ಆಸೆ ಇದ್ದರೆ ಭೂ ಪರಿವರ್ತನೆ ಆಗದೆ ಕೈ ಹಾಕಬೇಡಿ. ‘ಪಕ್ಕದವರು ಕಟ್ಟಿದ್ದಾರಲ್ಲ’ ಎಂಬ ಮಾತು ನಂಬಲೇಬೇಡಿ. ಇಲ್ಲೇ ಹತ್ತಿರ, ನದಿ ನಡುವಿನ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ವರ್ಷಗಟ್ಟಲೆ ಜನ ತುಂಬಿಕೊಂಡೇ ನಡೆದವು. 2020ರ ಫೆಬ್ರುವರಿಯಲ್ಲಿ ಅವು ಅಕ್ರಮ ಎಂದು ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ಜೆಸಿಬಿ ಬಂತು. ಅರವತ್ತು ದಾಟಿದ ಮೇಲೆ ಅಂಥ ಪೆಟ್ಟು ತಡೆದುಕೊಳ್ಳುವುದು ಕಷ್ಟ.

ಕಾಗದ ಸರಿ ಇದೆಯಾ? ಹಾಗಾದರೆ ಹಳೇ ಮನೆಯನ್ನೇ ಉಳಿಸಿ. ಕಾಂಕ್ರೀಟ್ ಪೆಟ್ಟಿಗೆಯಲ್ಲಿ ಮಲಗಲು ಯಾರೂ ಆನೆಗೊಂದಿಗೆ ಬರುವುದಿಲ್ಲ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯಬೇಡಿ, ತೇವ ಒಳಗೇ ನಿಂತು ಗೋಡೆ ಉದುರುತ್ತದೆ. ಸುಣ್ಣದ ಗಾರೆಯೇ ಸರಿ. ದುಡ್ಡು ಜಾಸ್ತಿ ಸುರಿಯಬೇಕಾದದ್ದು ಬಚ್ಚಲುಮನೆಗೆ: ಕಮೋಡ್, ಬಿಸಿನೀರು, ಜಾರದ ನೆಲ. ಕಿಟಕಿಗೆ ಗಟ್ಟಿ ಜಾಲರಿ, ನೀರಿನ ಟ್ಯಾಂಕಿಗೆ ಬಿಗಿ ಮುಚ್ಚಳ ಇರಲಿ, ಕಿಷ್ಕಿಂಧೆಯ ಕೋತಿಗಳಿಗೆ ಸಡಿಲ ಮುಚ್ಚಳ ಒಂದು ಲೆಕ್ಕವೇ ಅಲ್ಲ.

ಆಮೇಲೆ ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಎಂದು ನೋಂದಣಿ. ಮನೆಯವರು ಅಲ್ಲೇ ವಾಸ ಇದ್ದರೇ ಅದು ಹೋಂಸ್ಟೇ, ಆಳಿಗೆ ಬೀಗದ ಕೈ ಕೊಟ್ಟು ಊರಾಚೆ ಕೂತು ನಡೆಸುವ ಕೆಲಸ ಅಲ್ಲ ಇದು. ಊಟ ಕೊಡುವುದಾದರೆ ಆಹಾರ ಸುರಕ್ಷತೆ ನೋಂದಣಿಯೂ ಬೇಕು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ತುಂಬಬೇಕು, ಜನ ಈಗಲೂ ‘ಸಿ ಫಾರ್ಮ್’ ಎನ್ನುವುದು ಇದಕ್ಕೇ. ಒಂದು ದಿನವೂ ತಪ್ಪಿಸಬೇಡಿ.

ಕತ್ತಲಾದ ಮೇಲೆ ಅತಿಥಿಗಳನ್ನು ಕಾಲುವೆ ದಡಕ್ಕೆ, ಗುಡ್ಡಕ್ಕೆ ಕರೆದುಕೊಂಡು ಹೋಗಬೇಡಿ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಕಾಲುವೆ ದಡದಲ್ಲಿ ರಾತ್ರಿ ಪ್ರವಾಸಿಗರ ಮೇಲೆ ನಡೆದ ದಾಳಿ ಮರೆಯುವಂಥದ್ದಲ್ಲ. ಅಂಗಳದಲ್ಲೇ ಚಾಪೆ ಹಾಸಿ ನಕ್ಷತ್ರ ತೋರಿಸಿ.

ಇನ್ನು ಆದಾಯ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಕೋಣೆ ತುಂಬುತ್ತದೆ. ಏಪ್ರಿಲ್–ಮೇ ಬಿಸಿಲಿಗೆ ಬಂಡೆಯೇ ಕಾದ ಹಂಚಾಗುತ್ತದೆ, ಆಗ ಬರುವವರು ಕಡಿಮೆ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟರೆ ದೋಣಿ, ಹರಿಗೋಲು ನಿಲ್ಲುತ್ತವೆ, ಹಂಪಿಗೆ ಸುತ್ತು ಹಾಕಿ ಸೇತುವೆ ಮೇಲೆಯೇ ಹೋಗಬೇಕು. ಇದನ್ನು ಬುಕಿಂಗ್ ಮಾಡುವಾಗಲೇ ಹೇಳಿಬಿಡಿ. ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ಭಕ್ತರು, ನವಬೃಂದಾವನಕ್ಕೆ ಬರುವ ಮಾಧ್ವರು ಮಾತ್ರ ಸೀಸನ್ ನೋಡುವುದಿಲ್ಲ. ಬೆಳಿಗ್ಗೆ ಐದಕ್ಕೆ ಬಿಸಿನೀರು, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಕೊಟ್ಟರೆ ಮುಂದಿನ ವರ್ಷ ನೆಂಟರನ್ನೂ ಕರೆತರುತ್ತಾರೆ.

ಮೊದಲ ವರ್ಷ ಎರಡೇ ಕೋಣೆ ಸಾಕು. ಮೂರನೆಯದನ್ನು ಆ ಎರಡು ದುಡಿದ ಹಣದಲ್ಲೇ ಮಾಡಿ, ಪಿಂಚಣಿ ಖಾತೆ ಮುಟ್ಟಬೇಡಿ.